ಕಾಲ್ನಡಿಗೆಯ ಸಂಘಯಾತ್ರೆ: ಕೊನೆಯವರು ತಲುಪಿದಾಗಲೇ ಸಮಾಪ್ತಿ

ತೀರ್ಥಕ್ಷೇತ್ರಕ್ಕೆ ನಡೆದು ಹೋಗುವ ತಂಡದಲ್ಲಿ ಎಲ್ಲರ ನಡಿಗೆ ಒಂದೇ ತೆರನಾಗಿರುವುದಿಲ್ಲ. ಯುವಕರು ಮುಂದೆ ಸಾಗುತ್ತಾರೆ. ಹಿರಿಯರು, ಮಕ್ಕಳ ಕೈಹಿಡಿದ ತಾಯಂದಿರು, ಕಾಲಿನಲ್ಲಿ ಬೊಕ್ಕೆ ಎದ್ದವರು ಹಿಂದೆ ಉಳಿಯುತ್ತಾರೆ. ಮೊದಲ ದಿನ ಇದು ದೊಡ್ಡ ವಿಷಯವಲ್ಲ. ಕೊನೆಯ ದಿನ ಮಾತ್ರ ಒಂದು ಪ್ರಶ್ನೆ ಎದುರಾಗುತ್ತದೆ: ಮುಂದಿನವರು ಬಸದಿ ಮುಟ್ಟಿ ದರ್ಶನ, ಅಭಿಷೇಕ ಮುಗಿಸಿದರೆ ಯಾತ್ರೆ ಮುಗಿದಂತೆಯೇ? ಹಿಂದಿನವರು ಇನ್ನೂ ದಾರಿಯಲ್ಲಿದ್ದಾರಲ್ಲ?

ಈ ಪ್ರಶ್ನೆಗೆ ಜೈನ ಪರಂಪರೆಯಲ್ಲಿ ಸ್ಪಷ್ಟ ಉತ್ತರವಿದೆ. ನಡೆದದ್ದು ಸಂಘವಾಗಿದ್ದರೆ ಮುಗಿಯುವುದೂ ಸಂಘವಾಗಿಯೇ. ಈ ಉತ್ತರದ ಹಿಂದಿರುವ ತತ್ತ್ವ, ಅದಕ್ಕೆ ಇತಿಹಾಸದಲ್ಲಿರುವ ಆಧಾರ, ಬ್ರಹ್ಮಾವರ–ಕುಂದಾಪುರ–ಬೈಂದೂರು ದಾರಿಯಲ್ಲಿ ಅದನ್ನು ಪಾಲಿಸುವ ಬಗೆ ಇವುಗಳ ವಿವರಣೆ ಇಲ್ಲಿದೆ.

ವಿಹಾರ ಮತ್ತು ಸಂಘಯಾತ್ರೆ

ಮುನಿಗಳು, ಆರ್ಯಿಕೆಯರು ಒಂದೆಡೆಯಿಂದ ಇನ್ನೊಂದೆಡೆಗೆ ನಡೆದು ಹೋಗುವುದಕ್ಕೆ ವಿಹಾರ ಎನ್ನುತ್ತಾರೆ. ಅವರಿಗೆ ವಾಹನ ವರ್ಜ್ಯ. ಮಳೆಗಾಲದ ಚಾತುರ್ಮಾಸದಲ್ಲಿ ಒಂದೇ ಕಡೆ ನೆಲೆಸುತ್ತಾರೆ, ಉಳಿದ ತಿಂಗಳುಗಳಲ್ಲಿ ನಡೆಯುತ್ತಾರೆ. ನಡೆಯುವಾಗ ಪಾಲಿಸಬೇಕಾದದ್ದು ಈರ್ಯಾಸಮಿತಿ. ಹಗಲು ಬೆಳಕಿನಲ್ಲಿ, ಮುಂದಿನ ನಾಲ್ಕು ಹಸ್ತದಷ್ಟು ನೆಲವನ್ನು ನೋಡಿಕೊಂಡು, ಇರುವೆ ಹುಳುಗಳಿಗೂ ನೋವಾಗದಂತೆ ಹೆಜ್ಜೆ ಇಡುವುದು.

ಶ್ರಾವಕ ಶ್ರಾವಿಕೆಯರು ಒಂದು ಕ್ಷೇತ್ರವನ್ನು ಗುರಿಯಾಗಿಟ್ಟುಕೊಂಡು ಗುಂಪಾಗಿ ನಡೆಯುವುದು ಸಂಘಯಾತ್ರೆ. ಅದರ ಹೊಣೆ ಹೊತ್ತವರು ಸಂಘಪತಿ. 13ನೆಯ ಶತಮಾನದಲ್ಲಿ ಗುಜರಾತಿನ ಮಂತ್ರಿ ವಸ್ತುಪಾಲ ಸಂಘಪತಿಯಾಗಿ ಶತ್ರುಂಜಯ, ಗಿರನಾರ್ ಯಾತ್ರೆಗಳನ್ನು ನಡೆಸಿದ ಕೀರ್ತಿ ಇಂದಿಗೂ ಉಳಿದಿದೆ. ಶ್ವೇತಾಂಬರ ಸಂಪ್ರದಾಯದಲ್ಲಿ ಇಂಥ ಯಾತ್ರೆಗೆ ಛರಿಪಾಲಿತ ಸಂಘ ಎಂಬ ಹೆಸರಿದೆ. ‘ರಿ’ ಅಕ್ಷರದಿಂದ ಕೊನೆಗೊಳ್ಳುವ ಆರು ನಿಯಮಗಳನ್ನು ಪಾಲಿಸುವ ಸಂಘ ಎಂದು ಅದರ ಅರ್ಥ. ಕಾಲ್ನಡಿಗೆ, ದಿನಕ್ಕೊಂದೇ ಊಟ, ನೆಲದ ಮೇಲೆ ಮಲಗುವುದು, ಬ್ರಹ್ಮಚರ್ಯ, ಸಚಿತ್ತ ವಸ್ತುಗಳ ತ್ಯಾಗ, ಪ್ರತಿಕ್ರಮಣಾದಿ ಆವಶ್ಯಕ ಕ್ರಿಯೆಗಳು ಆ ಆರು ನಿಯಮಗಳು. ಯಾತ್ರೆಯ ಕೊನೆಗೆ ಸಂಘಪತಿಗೆ ಎಲ್ಲರೆದುರು ಮಾಲೆ ಹಾಕುವ ವಿಧಿಯೂ ಇದೆ. ಆ ಮಾಲೆ ಮೊದಲು ಗುರಿ ಮುಟ್ಟಿದವರಿಗೆ ಸಲ್ಲುವುದಿಲ್ಲ. ಎಲ್ಲರನ್ನೂ ಕರೆತಂದವರಿಗೆ ಸಲ್ಲುತ್ತದೆ.

ಕರಾವಳಿಯ ದಿಗಂಬರ ಕುಟುಂಬಗಳಲ್ಲಿ ಈ ಆರರ ಪಟ್ಟಿ ಅದೇ ರೂಪದಲ್ಲಿ ಬಳಕೆಯಲ್ಲಿಲ್ಲ. ಆದರೆ ರಾತ್ರಿಭೋಜನ ತ್ಯಾಗ, ಸೋಸಿದ ನೀರು, ಏಕಭುಕ್ತ, ಬೆಳಗ್ಗೆ ಸಂಜೆ ಸಾಮಾಯಿಕ, ಯಾತ್ರೆ ಮುಗಿಯುವವರೆಗೆ ಬ್ರಹ್ಮಚರ್ಯ ಇವು ಎಲ್ಲರಿಗೂ ಪರಿಚಿತ.

ಸಮಾಪ್ತಿ ಏಕೆ ಬೇಕು?

ಶ್ರಾವಕರ ಆಚಾರವನ್ನು ತಿಳಿಸುವ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಯಮ ಮತ್ತು ನಿಯಮ ಎಂಬ ವ್ಯತ್ಯಾಸವಿದೆ. ಜೀವನಪೂರ್ತಿ ಕೈಗೊಳ್ಳುವ ತ್ಯಾಗ ಯಮ. ಇಷ್ಟು ಕಾಲ ಎಂದು ಗೊತ್ತುಮಾಡಿಕೊಂಡು ಕೈಗೊಳ್ಳುವ ತ್ಯಾಗ ನಿಯಮ. ಯಾತ್ರೆಯ ವ್ರತಗಳು ನಿಯಮದ ಸಾಲಿಗೆ ಸೇರುತ್ತವೆ. ‘ಕ್ಷೇತ್ರ ತಲುಪುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ’, ‘ದರ್ಶನವಾಗುವವರೆಗೆ ಒಂದೇ ಹೊತ್ತಿನ ಊಟ’ ಎಂದು ಸಂಕಲ್ಪ ಮಾಡಿದವರು ಅದು ಎಲ್ಲಿಗೆ ಮುಗಿಯಿತು ಎಂಬುದನ್ನೂ ತಿಳಿದು ಮುಗಿಸಬೇಕು. ಹಾಗೆ ಮಾಡದಿದ್ದರೆ ಒಬ್ಬರು ಬಸದಿಯ ಬಾಗಿಲಲ್ಲಿ ಮುಗಿಯಿತು ಎನ್ನುತ್ತಾರೆ, ಇನ್ನೊಬ್ಬರು ಹಿಂದಿನ ರಾತ್ರಿಯೇ ಸಡಿಲ ಬಿಡುತ್ತಾರೆ. ಅಲ್ಲಿಯವರೆಗೆ ಒಂದಾಗಿದ್ದ ಸಂಘ ಕೊನೆಯ ಗಳಿಗೆಯಲ್ಲಿ ಚದುರಿಹೋಗುತ್ತದೆ.

ಎರಡನೆಯ ಕಾರಣ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸಿಗುತ್ತದೆ. ಸ್ಥಿತಿಕರಣ ಮತ್ತು ವಾತ್ಸಲ್ಯ ಅವುಗಳಲ್ಲಿ ಎರಡು. ಮಾರ್ಗದಿಂದ ಜಾರುತ್ತಿರುವವರನ್ನು ಹಿಡಿದು ನಿಲ್ಲಿಸುವುದು ಸ್ಥಿತಿಕರಣ. ಅದಕ್ಕೆ ವಾರಿಷೇಣ ಮುನಿಯ ಕಥೆ ದೃಷ್ಟಾಂತ. ಮನಸ್ಸು ಚಂಚಲವಾದ ಗೆಳೆಯನನ್ನು ಜರೆಯದೆ, ಉಪಾಯದಿಂದ ಮತ್ತೆ ದಾರಿಗೆ ತಂದವನು ಆತ. ಸಾಧರ್ಮಿಗಳ ಮೇಲೆ ಹಸುವಿಗೆ ಕರುವಿನ ಮೇಲಿರುವಂಥ ಪ್ರೀತಿ ವಾತ್ಸಲ್ಯ. ಇದಕ್ಕೆ ಹಸ್ತಿನಾಪುರದಲ್ಲಿ 700 ಮುನಿಗಳ ಉಪಸರ್ಗ ನಿವಾರಿಸಿದ ವಿಷ್ಣುಕುಮಾರ ಮುನಿಯ ಕಥೆಯನ್ನು ಹೇಳುತ್ತಾರೆ. ದಣಿದು ಕುಳಿತವರ ಪಕ್ಕದಲ್ಲಿ ನಿಲ್ಲುವುದು ಕೇವಲ ಸೌಜನ್ಯವಲ್ಲ, ಶ್ರದ್ಧೆಯ ಅಂಗವೇ ಹೌದು ಎಂಬುದು ಈ ಕಥೆಗಳ ಸಾರ.

ಮೂರನೆಯದು ವೈಯಾವೃತ್ಯ, ಅಂದರೆ ಸೇವೆ. ಆರು ಅಂತರಂಗ ತಪಸ್ಸುಗಳಲ್ಲಿ ಅದಕ್ಕೂ ಸ್ಥಾನವಿದೆ. ಹೀಗಾಗಿ ಹಿಂದುಳಿದವರ ಕಾಲಿಗೆ ಪಟ್ಟಿ ಕಟ್ಟಲು ನಿಂತು, ಅಭಿಷೇಕದ ಮೊದಲ ಸಾಲಿನ ಜಾಗ ಕಳೆದುಕೊಂಡ ಯುವಕನ ಯಾತ್ರೆಗೆ ಏನೂ ಕೊರತೆಯಾಗಲಿಲ್ಲ. ಅವನ ತಪಸ್ಸು ಆ ದಾರಿಬದಿಯಲ್ಲೇ ನಡೆಯಿತು.

ಕಟವಪ್ರದ ಶಾಸನ ಹೇಳುವುದು

ಸಂಘವಾಗಿ ನಡೆದ ಯಾತ್ರೆಗೆ ಕನ್ನಡ ನಾಡಿನ ಅತಿ ಹಳೆಯ ದಾಖಲೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿದೆ. ಸುಮಾರು ಕ್ರಿ.ಶ. 600ರ ಆ ಶಾಸನದ ಪ್ರಕಾರ, ಹನ್ನೆರಡು ವರ್ಷಗಳ ಕ್ಷಾಮ ಬರಲಿದೆ ಎಂದು ಉಜ್ಜಯಿನಿಯಲ್ಲಿ ಭದ್ರಬಾಹು ಸ್ವಾಮಿಗಳು ನಿಮಿತ್ತ ಜ್ಞಾನದಿಂದ ಅರಿತು ಹೇಳಿದರು. ಇಡೀ ಸಂಘ ಉತ್ತರದಿಂದ ದಕ್ಷಿಣಕ್ಕೆ ಹೊರಟು, ಜನ, ಧನ, ಧಾನ್ಯ, ದನಕರುಗಳಿಂದ ತುಂಬಿದ ನಾಡನ್ನು ಕ್ರಮಕ್ರಮವಾಗಿ ತಲುಪಿತು. ಕಟವಪ್ರ ಎಂಬ ಈ ಬೆಟ್ಟದಲ್ಲಿ ಆಚಾರ್ಯ ಪ್ರಭಾಚಂದ್ರರು ತಮ್ಮ ಆಯುಷ್ಯ ಸ್ವಲ್ಪವೇ ಉಳಿದಿದೆ ಎಂದು ತಿಳಿದು, ಸಂಘವನ್ನೆಲ್ಲ ಬೀಳ್ಕೊಟ್ಟು, ಒಬ್ಬ ಶಿಷ್ಯನೊಡನೆ ಉಳಿದು ಸಮಾಧಿ ಸಾಧಿಸಿದರು. ಮುಂದೆ ಕಾಲಕ್ರಮದಲ್ಲಿ 700 ಋಷಿಗಳು ಅಲ್ಲಿಯೇ ಸಮಾಧಿ ಪಡೆದರು ಎಂದು ಶಾಸನ ಮುಗಿಯುತ್ತದೆ.

ಪರಂಪರೆಯ ಕಥನದಲ್ಲಿ ಬೆಟ್ಟದಲ್ಲಿ ಉಳಿದವರು ಭದ್ರಬಾಹು ಸ್ವಾಮಿಗಳೇ. ಅವರ ಸೇವೆಗೆ ನಿಂತವರು ಚಂದ್ರಗುಪ್ತ ಮುನಿ, ಸಂಘವನ್ನು ಮುಂದೆ ಕರೆದೊಯ್ದವರು ವಿಶಾಖಾಚಾರ್ಯರು. ಚಂದ್ರಗುಪ್ತ ಬಸದಿಯಲ್ಲಿ ದಾಸೋಜ ಎಂಬ ಶಿಲ್ಪಿ ಕೆತ್ತಿದ ಜಾಲಂಧ್ರದ ಚಿಕ್ಕ ಚಿಕ್ಕ ಚೌಕಗಳಲ್ಲಿ ಭದ್ರಬಾಹು–ಚಂದ್ರಗುಪ್ತರ ಚರಿತ್ರೆಯನ್ನು ಇಂದಿಗೂ ಕಾಣಬಹುದು.

ಹೆಸರುಗಳ ವಿಷಯದಲ್ಲಿ ವಿದ್ವಾಂಸರ ಚರ್ಚೆ ಏನೇ ಇರಲಿ, ಶಾಸನ ಮತ್ತು ಕಥನ ಎರಡರಲ್ಲಿಯೂ ಒಂದು ಸಂಗತಿ ಸಮಾನ. ಮುಂದೆ ನಡೆಯಲಾಗದವರನ್ನು ಸಂಘ ಸುಮ್ಮನೆ ಬಿಟ್ಟುಹೋಗಲಿಲ್ಲ. ಅವರು ಸಂಘವನ್ನು ಬೀಳ್ಕೊಟ್ಟರು, ಅವರ ಬಳಿ ಒಬ್ಬರು ಉಳಿದರು, ಉಳಿದವರು ಒಟ್ಟಾಗಿ ಮುಂದೆ ನಡೆದರು. ಸಂಘಯಾತ್ರೆಯಲ್ಲಿ ಯಾರನ್ನೂ ಒಂಟಿಯಾಗಿ ಬಿಡಬಾರದು ಎಂಬ ರೂಢಿಗೆ ಇದಕ್ಕಿಂತ ಹಳೆಯ ಆಧಾರ ಬೇಕಾಗಿಲ್ಲ.

1927–28ರ ಶಿಖರಜಿ ಯಾತ್ರೆ

ಇಪ್ಪತ್ತನೆಯ ಶತಮಾನದ ದೊಡ್ಡ ಉದಾಹರಣೆ ಚಾರಿತ್ರ ಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರ ಸಂಘದ್ದು. ಚಿಕ್ಕೋಡಿ ಭಾಗದ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಜನಿಸಿದ ಅವರು 1927ರಲ್ಲಿ ಕುಂಭೋಜದ ಬಾಹುಬಲಿ ಬೆಟ್ಟದಿಂದ ಚತುರ್ವಿಧ ಸಂಘದೊಡನೆ ಸಮ್ಮೇದ ಶಿಖರಜಿಗೆ ಹೊರಟರು. ಮಳೆಗಾಲ ಕಳೆದ ಮೇಲೆ ಹೊರಟ ಸಂಘ 1928ರಲ್ಲಿ ಶಿಖರಜಿ ತಲುಪಿತು. 20 ತೀರ್ಥಂಕರರ ನಿರ್ವಾಣಭೂಮಿಯಾದ ಆ ಬೆಟ್ಟ ಇಂದಿನ ಜಾರ್ಖಂಡ್‌ನಲ್ಲಿದೆ. ಸಾವಿರ ಕಿ.ಮೀ.ಗೂ ಮೀರಿದ ದಾರಿ ಅದು.

ಈ ಯಾತ್ರೆಯಲ್ಲಿ ತ್ಯಾಗಿಗಳ ಜೊತೆ ಶ್ರಾವಕರೂ ಇದ್ದರು. ದಿಗಂಬರ ಮುನಿಗಳು ದಿನಕ್ಕೊಮ್ಮೆ ಮಾತ್ರ, ನಿಂತು, ಅಂಗೈಯಲ್ಲಿ ಆಹಾರ ಸ್ವೀಕರಿಸುತ್ತಾರೆ. ತಮಗಾಗಿ ಏನನ್ನೂ ಕೇಳುವುದಿಲ್ಲ. ಆದ್ದರಿಂದ ಶ್ರಾವಕರು ಬಿಡಾರ ಹೂಡಿ, ನೀರು ಸೋಸಿ, ಶುದ್ಧ ಅಡುಗೆ ಸಿದ್ಧಪಡಿಸಿ ಕಾಯದಿದ್ದರೆ ಅಂಥ ವಿಹಾರ ಒಂದು ದಿನವೂ ಮುಂದೆ ಸಾಗದು. ನಡೆಯುವವರು ಮತ್ತು ನಡೆಸುವವರು ಎಂಬ ಎರಡೂ ಪಂಗಡ ತಲುಪಿದಾಗಲೇ ಸಂಘ ತಲುಪಿದಂತೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ನಾಡಿನ ಮೂಲೆಮೂಲೆಗಳಿಂದ ತ್ಯಾಗಿಗಳು ನಡೆದು ಬರುವಾಗಲೂ ಇದೇ ಕ್ರಮ. ಆಚಾರ್ಯ ವರ್ಧಮಾನಸಾಗರ ಮಹಾರಾಜರ ಸಾನ್ನಿಧ್ಯದಲ್ಲಿ ನಡೆದ 2018ರ ಮಹಾಮಸ್ತಕಾಭಿಷೇಕದ ವಿಹಾರಗಳಲ್ಲಿ ದಾರಿಯುದ್ದಕ್ಕೂ ಊರೂರಿನ ಶ್ರಾವಕರು ಸೇವೆಗೆ ನಿಂತದ್ದನ್ನು ಅನೇಕ ಕುಟುಂಬಗಳು ಕಣ್ಣಾರೆ ಕಂಡಿವೆ.

ಬ್ರಹ್ಮಾವರದಿಂದ ಬೈಂದೂರಿನವರೆಗೆ

ಉಡುಪಿ ಜಿಲ್ಲೆಯ ಉತ್ತರದ ಈ ಮೂರು ತಾಲ್ಲೂಕುಗಳಲ್ಲಿ ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ ಕಡೆಯಷ್ಟು ಜೈನ ಮನೆಗಳಿಲ್ಲ. ಆದರೆ ಇದು ಹಳೆಯ ಜೈನ ದಾರಿ. ಬ್ರಹ್ಮಾವರದಿಂದ ನಾಲ್ಕೈದು ಕಿ.ಮೀ. ದೂರದ ಬಾರಕೂರು ಆಳುಪರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯದ ಆಡಳಿತ ಕೇಂದ್ರವಾಗಿತ್ತು. ಅಲ್ಲಿನ ಕತ್ತಲೆ ಬಸದಿ ಇಂದು ಸಂರಕ್ಷಿತ ಸ್ಮಾರಕ. ಕುಂದಾಪುರದಿಂದ ಸುಮಾರು 8 ಕಿ.ಮೀ. ದೂರದ ಹಟ್ಟಿಯಂಗಡಿಯಲ್ಲಿ ಚಂದ್ರನಾಥ ಸ್ವಾಮಿ ಬಸದಿಯಿದೆ. ಬೈಂದೂರು, ಶಿರೂರು ದಾಟಿದರೆ ಭಟ್ಕಳ. ಅಲ್ಲಿ 16ನೆಯ ಶತಮಾನದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯಿದ್ದರೆ, ಒಳನಾಡಿನಲ್ಲಿ ಸಂಗೀತಪುರ ಎಂದು ಹೆಸರಾಗಿದ್ದ ಹಾಡುವಳ್ಳಿ ಇದೆ. ಕುಂದಾಪುರದಿಂದ ಪೂರ್ವಕ್ಕೆ ತಿರುಗಿ ಸಿದ್ದಾಪುರ, ಹೊಸಂಗಡಿ, ಬಾಳೆಬರೆ ಘಾಟಿ, ನಗರ, ಹೊಸನಗರ ಮಾರ್ಗವಾಗಿ ಹೊಂಬುಜದ ಪದ್ಮಾವತಿ ಅಮ್ಮನವರ ಕ್ಷೇತ್ರಕ್ಕೆ ಹೋಗಬಹುದು. ಬೈಂದೂರಿನ ಕಡೆಯಿಂದ ಹೊರಟರೆ ಕೊಲ್ಲೂರು, ನಾಗೋಡಿ ಘಾಟಿ ಹತ್ತಿ ನಗರ ಸೇರಬಹುದು.

ಈ ದಾರಿಗಳಲ್ಲಿ ತಂಡ ಒಡೆಯುವುದಕ್ಕೆ ಕಾರಣಗಳು ಗೊತ್ತಿರುವಂಥವೇ. ಮೊದಲನೆಯದು ಸೆಕೆ. ಫೆಬ್ರವರಿ ಕಳೆದರೆ ಕರಾವಳಿಯಲ್ಲಿ ಹತ್ತು ಗಂಟೆಯ ನಂತರ ನಡೆಯುವುದು ಕಷ್ಟ. ಹಾಗೆಂದು ನಸುಕಿನ ಮೂರು ಗಂಟೆಗೆ ಹೊರಟರೆ ಈರ್ಯಾಸಮಿತಿಯ ಆಶಯಕ್ಕೂ ಭಂಗ, ಹೆದ್ದಾರಿಯಲ್ಲಿ ಜೀವಕ್ಕೂ ಅಪಾಯ. ಬೆಳಕು ಮೂಡಿದ ಮೇಲೆ ಹೊರಟು ಬಿಸಿಲೇರುವ ಮೊದಲು ನಿಲ್ಲುವುದಾದರೆ ದಿನಕ್ಕೆ 12ರಿಂದ 15 ಕಿ.ಮೀ. ಮೀರದ ಯೋಜನೆ ಇರಬೇಕು. ಗಟ್ಟಿಗರಿಗೆ ಇದು ಕಡಿಮೆ ಎನಿಸಬಹುದು, ಆದರೆ ಸಂಘದ ಅಳತೆಯನ್ನು ಗಟ್ಟಿಗರ ಕಾಲಿನಿಂದ ಹಾಕುವುದಿಲ್ಲ.

ಎರಡನೆಯದು ರಾಷ್ಟ್ರೀಯ ಹೆದ್ದಾರಿ 66. ಮಾಬುಕಳದ ಸೇತುವೆ, ಕುಂದಾಪುರದಿಂದ ಹೆಮ್ಮಾಡಿಯ ಕಡೆಗಿರುವ ಹೊಳೆ ಸೇತುವೆಗಳು, ಒಂದು ಬದಿ ಸೌಪರ್ಣಿಕಾ ಇನ್ನೊಂದು ಬದಿ ಕಡಲು ಇರುವ ಮರವಂತೆ ಇಲ್ಲೆಲ್ಲ ಚದುರಿ ನಡೆಯುವುದು ಅಪಾಯ. ಎದುರಿನಿಂದ ಬರುವ ವಾಹನ ಕಾಣುವ ಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಂತೆ ನಡೆಯಬೇಕು. ಸೇತುವೆಯ ಈಚೆ ಎಲ್ಲರೂ ಸೇರಿ ಒಟ್ಟಿಗೆ ದಾಟಿ, ಆಚೆ ತಲೆ ಎಣಿಸಿ ಮುಂದುವರಿಯುವುದು ಒಳ್ಳೆಯ ಪದ್ಧತಿ. ಕೋಟ, ತೆಕ್ಕಟ್ಟೆ, ನಾವುಂದ, ಉಪ್ಪುಂದದಂಥ ಕಡೆ ಒಳರಸ್ತೆ ಸಿಕ್ಕರೆ ಅದನ್ನೇ ಹಿಡಿಯುವುದು ಲೇಸು. ಘಾಟಿಯ ದಾರಿಯಲ್ಲಿ ಕಾಡು ಮತ್ತು ತಿರುವುಗಳಿರುವುದರಿಂದ ಸಂಜೆಗೆ ಮೊದಲೇ ಬಿಡಾರ ಸೇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಯಾತ್ರೆ ಇಟ್ಟುಕೊಳ್ಳದಿರುವುದು ಚಾತುರ್ಮಾಸದ ಭಾವಕ್ಕೂ ಹೊಂದುತ್ತದೆ. ಮಳೆ ಬಿದ್ದ ನೆಲದಲ್ಲಿ ಹುಳ ಹುಪ್ಪಟೆ ಲೆಕ್ಕವಿಲ್ಲದಷ್ಟು.

ತಂಡಕ್ಕೆ ಮುಂದಾಳು ಇರುವಂತೆ ಹಿಂದಾಳೂ ಇರಬೇಕು. ಎಲ್ಲರಿಗಿಂತ ಹಿಂದೆ ನಡೆಯುವುದೇ ಆತನ ಕೆಲಸ. ಆತನ ಹಿಂದೆ ಯಾರೂ ಇರಬಾರದು. ಈ ಹೊಣೆಯನ್ನು ಅನುಭವಸ್ಥರಿಗೇ ಒಪ್ಪಿಸಬೇಕು. ನಡೆಯಲಾರದವರಿಗೆ ಜೊತೆಯಾಗಿ ಸಿಕ್ಕವರೊಬ್ಬರನ್ನು ಬಿಟ್ಟುಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಕೊನೆಯ ಬಿಡಾರ, ಕೊನೆಯ ಬೆಳಗು

ಕೊನೆಯ ರಾತ್ರಿಯ ಬಿಡಾರ ಕ್ಷೇತ್ರಕ್ಕೆ ಆದಷ್ಟು ಹತ್ತಿರವಿರಲಿ. ಹಟ್ಟಿಯಂಗಡಿ ಗುರಿಯಾದರೆ ಹಿಂದಿನ ದಿನ ಕುಂದಾಪುರದಲ್ಲಿಯೋ ಅದರ ಆಸುಪಾಸಿನಲ್ಲಿಯೋ ನಿಲ್ಲಬಹುದು, ಬಾರಕೂರಾದರೆ ಬ್ರಹ್ಮಾವರದಲ್ಲಿ. ಕೊನೆಯ ದಿನ ಉಳಿಯುವ ದೂರ ಎರಡು ಮೂರು ಗಂಟೆಯ ನಡಿಗೆಯನ್ನು ಮೀರದಿದ್ದರೆ ಎಲ್ಲರಿಗಿಂತ ನಿಧಾನವಾಗಿ ನಡೆಯುವವರೂ ಅಭಿಷೇಕದ ಹೊತ್ತಿಗೆ ಮುಟ್ಟುತ್ತಾರೆ. ಆ ದಿನದ ಅಭಿಷೇಕದ ಸಮಯವನ್ನು ಬಸದಿಯ ಇಂದ್ರರೊಡನೆ ಮೊದಲೇ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಚಿಕ್ಕ ಬಸದಿಗಳಲ್ಲಿ ಒಮ್ಮೆಲೇ ನೂರು ಜನ ಬಂದರೆ ಹಾಲು, ಹೂವು, ನೀರು, ಕುಳಿತುಕೊಳ್ಳಲು ಜಾಗ ಎಲ್ಲವೂ ಸಾಲದಾಗುತ್ತವೆ. ಈ ಹೊರೆ ಇಂದ್ರರ ಮನೆಯ ಮೇಲೆ ಬೀಳಬಾರದು.

ಕೊನೆಯ ಬೆಳಗಿನ ಕ್ರಮವನ್ನು ಹೀಗಿಟ್ಟುಕೊಳ್ಳಬಹುದು:

1. ಊರ ಬಾಗಿಲಲ್ಲಿ ಅಥವಾ ಬಸದಿಗೆ ತಿರುಗುವ ದಾರಿಯಲ್ಲಿ ಮುಂದಿನವರು ನಿಂತು ಹಿಂದಾಳು ಬರುವವರೆಗೆ ಕಾಯುವುದು.
2. ಹಿರಿಯರನ್ನು, ಹಿಂದುಳಿದವರನ್ನು ಮುಂದೆ ಮಾಡಿಕೊಂಡು ಒಟ್ಟಿಗೆ ಬಸದಿ ಪ್ರವೇಶಿಸುವುದು. ಕಾಲು ತೊಳೆದು ಮೂರು ಪ್ರದಕ್ಷಿಣೆ.
3. ಒಂಬತ್ತು ಬಾರಿ ಪಂಚನಮಸ್ಕಾರ ಮಂತ್ರ ಜಪಿಸುತ್ತ ಸಾಮೂಹಿಕ ಕಾಯೋತ್ಸರ್ಗ.
4. ಅಭಿಷೇಕ, ಅಷ್ಟವಿಧಾರ್ಚನೆ, ಶಾಂತಿಪಾಠ, ವಿಸರ್ಜನೆ. ಗಂಧೋದಕ ಎಲ್ಲರಿಗೂ, ವಾಹನದಲ್ಲಿ ಬಂದವರಿಗೂ, ಅಡುಗೆಯವರಿಗೂ.
5. ತ್ಯಾಗಿಗಳಿದ್ದರೆ ಅವರೆದುರು, ಇಲ್ಲದಿದ್ದರೆ ಜಿನಬಿಂಬದ ಎದುರು, ಎಲ್ಲರೂ ಒಂದೇ ಸಲಕ್ಕೆ ನಿಯಮ ಸಮಾಪ್ತಿ ಮಾಡುವುದು.
6. ದಾರಿಯಲ್ಲಿ ಆಡಿದ ಒರಟು ಮಾತು, ತುಳಿದ ಜೀವ, ತೋರಿದ ಅಸಹನೆ ಇವಕ್ಕೆಲ್ಲ ಪರಸ್ಪರ ಕ್ಷಮಾಪಣೆ.
7. ಸೇವೆ ಮಾಡಿದವರನ್ನು ಗೌರವಿಸಿ, ಸಂಘದ ಊಟ.

ಬಾರಕೂರಿನ ಕತ್ತಲೆ ಬಸದಿಯಂಥ ಸಂರಕ್ಷಿತ ಸ್ಮಾರಕದಲ್ಲಿ ಅಭಿಷೇಕ, ಅಡುಗೆ, ದೀಪಗಳ ಏರ್ಪಾಡು ಮಾಡಲಾಗದು. ಅಲ್ಲಿ ಮೌನ ವಂದನೆ, ಜಪ ಸಾಕು. ಪೂಜೆಯನ್ನು ಪೂಜಾಕಾರ್ಯ ನಡೆಯುವ ಬಸದಿಯಲ್ಲಿ ಇಟ್ಟುಕೊಳ್ಳಬೇಕು.

ಪೂರ್ಣ ನಡೆಯಲಾಗದವರು

ಪ್ರತಿ ತಂಡದಲ್ಲೂ ಅರ್ಧದಾರಿಯಲ್ಲಿ ವಾಹನ ಹತ್ತಬೇಕಾದವರು ಇರುತ್ತಾರೆ. ಅವರಲ್ಲಿ ಅನೇಕರು ಕೊನೆಯ ದಿನ ಹಿಂದೆ ನಿಲ್ಲುತ್ತಾರೆ, ಫೋಟೋಕ್ಕೂ ಬರುವುದಿಲ್ಲ. ‘ನನ್ನದು ಯಾತ್ರೆಯೇ ಅಲ್ಲ’ ಎಂಬ ನೋವು ಅವರಿಗೆ. ಶಾಸ್ತ್ರ ಹಾಗೆ ಹೇಳುವುದಿಲ್ಲ. ತೀರ್ಥಂಕರತ್ವಕ್ಕೆ ಕಾರಣವಾಗುವ ಷೋಡಶ ಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸು ಎರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ, ಅಂದರೆ ತನ್ನ ಶಕ್ತಿಗೆ ತಕ್ಕಂತೆ. ಶಕ್ತಿಯನ್ನು ಬಚ್ಚಿಡುವುದು ಎಷ್ಟು ತಪ್ಪೋ ಶಕ್ತಿ ಮೀರಿ ದೇಹವನ್ನು ಕೆಡಿಸಿಕೊಳ್ಳುವುದೂ ಅಷ್ಟೇ ತಪ್ಪು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ಏಕಭುಕ್ತದ ನಿಯಮ ಹಿಡಿಯುವ ಮೊದಲು ವೈದ್ಯರನ್ನು ಕೇಳಬೇಕು. ತಲೆಸುತ್ತು, ವಾಂತಿ, ಬೆವರು ನಿಂತು ಮೈ ಸುಡುವುದು ಕಂಡರೆ ಕೂಡಲೇ ನೆರಳು, ನೀರು, ಆಸ್ಪತ್ರೆ. ನಿಯಮದ ಮಾತು ಆಮೇಲೆ.

ನಿಯಮ ಭಂಗವಾಯಿತೆಂದು ಕೊರಗುವವರಿಗೆ ಪ್ರಾಯಶ್ಚಿತ್ತದ ದಾರಿಯಿದೆ. ಗುರುಗಳ ಬಳಿ ಹೇಳಿಕೊಂಡು, ಅವರು ಸೂಚಿಸಿದ ಜಪವನ್ನೋ ಉಪವಾಸವನ್ನೋ ಅನುಕೂಲವಾದಾಗ ಮಾಡಬಹುದು. ಸಂಘದ ಕಡೆಯಿಂದ ಆಗಬೇಕಾದದ್ದು ಇನ್ನೂ ಸುಲಭ. ಯಾರು ಎಷ್ಟು ನಡೆದರು ಎಂಬ ಪಟ್ಟಿಯನ್ನು ಓದಬಾರದು. ಪೂರ್ತಿ ನಡೆದವರಿಗೆ ಬೇರೆ ಶಾಲು, ಬೇರೆ ಸಾಲು ಮಾಡಬಾರದು. ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು, ಇತರರ ಕೊರತೆಯನ್ನು ಸಾರದೆ ಮುಚ್ಚಿಡುವುದೇ ಅದರ ಅರ್ಥ.

ಮರಳಿ ಮನೆಗೆ

ಊಟದ ನಂತರ ಒಬ್ಬೊಬ್ಬರು ಒಂದೊಂದು ಬಸ್ಸು ಹಿಡಿದು ಹೊರಟಾಗ ಸಂಘ ಕರಗುತ್ತದೆ. ಹೊರಡುವ ಮೊದಲು ಮೂರು ಕೆಲಸ ಆಗಬೇಕು. ಬಿಡಾರಗಳಲ್ಲಿ ಮತ್ತು ದಾರಿಯಲ್ಲಿ ಉಳಿದ ಕಸ, ನೀರಿನ ಬಾಟಲಿಗಳನ್ನು ತೆಗೆಸುವುದು. ಖರ್ಚಿನ ಲೆಕ್ಕವನ್ನು ಎಲ್ಲರೆದುರು ಒಪ್ಪಿಸಿ, ಉಳಿದ ಹಣದಲ್ಲಿ ಒಂದು ಪಾಲನ್ನು ಆ ಬಸದಿಯ ನಿತ್ಯಪೂಜೆಗೆ ಕೊಡುವುದು. ಸುತ್ತಮುತ್ತ ಶ್ರಾವಕರ ಮನೆ ಕಡಿಮೆಯಿರುವ ಬಸದಿಗೆ ಒಂದು ದಿನದ ಜನಸಂದಣಿಗಿಂತ ವರ್ಷವಿಡೀ ಉರಿಯುವ ದೀಪ ಮುಖ್ಯ. ಕೊನೆಯದಾಗಿ, ಒಂಟಿಯಾಗಿ ಬಂದ ಹಿರಿಯರನ್ನು ಮನೆ ತಲುಪಿಸುವ ಹೊಣೆಯನ್ನು ಒಬ್ಬೊಬ್ಬರಿಗೆ ವಹಿಸುವುದು. ಅವರು ಮನೆ ಸೇರಿದ ಸುದ್ದಿ ಸಂಘಪತಿಗೆ ಮುಟ್ಟಿದ ಮೇಲೆ ಆ ವರ್ಷದ ಯಾತ್ರೆಯ ಲೆಕ್ಕ ಮುಚ್ಚಬಹುದು.